ಸಂಗಪ್ಪ ಕೊಟ್ಟನೋ, ಸಂಗಪ್ಪಗ ಕೊಟ್ಟೆನೋ: ಗಿರಾಕಿ ಆ್ಯಪಿಗೆ ಮಾತು ಕಲಿಸುವವರಿಗೆ ಮೊದಲ ಪಾಠ

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ವ್ಯಾಪಾರ ನಡೆದಾಗ ಮಾಲೀಕರ ಕೈ ಖಾಲಿ ಇರುವುದೇ ಇಲ್ಲ. ಒಂದು ಸೀರೆಯ ಮಡಿಕೆ ಬಿಚ್ಚಿ ಸೆರಗು ತೋರಿಸಬೇಕು, ಇನ್ನೊಂದರ ದಡಿಯನ್ನು ಬೆಳಕಿಗೆ ಹಿಡಿಯಬೇಕು, ಬೇಡವೆಂದ ಹತ್ತನ್ನು ಮತ್ತೆ ಮಡಿಸಿಡಬೇಕು. ಅಷ್ಟರಲ್ಲಿ ಹಳೆಯ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, ಹಿಂದಿನ ಬಾಕಿಯಲ್ಲಿ ಐನೂರು ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾನೆ. ಅದನ್ನು ಮೊಬೈಲಿನಲ್ಲಿ ಬರೆಯಬೇಕೆಂದರೆ ಲಾಕ್ ತೆಗೆಯಬೇಕು, ಆ್ಯಪ್ ತೆರೆಯಬೇಕು, ಹೆಸರು ಹುಡುಕಬೇಕು, ಮೊತ್ತ ಒತ್ತಬೇಕು. "ಆಮ್ಯಾಲೆ ಬರದರಾತು" ಎಂದು ಬಿಟ್ಟ ಲೆಕ್ಕ ಸಂಜೆಯ ಹೊತ್ತಿಗೆ ನೆನಪಿನಿಂದ ಹಾರಿರುತ್ತದೆ.

ಗಿರಾಕಿಗಳ ಹೆಸರು, ಉದ್ರಿ, ಜಮಾ, ಮುಂದಿನ ಭೇಟಿಯ ದಿನ ಇವನ್ನೆಲ್ಲ ಇಟ್ಟುಕೊಳ್ಳುವ ಆ್ಯಪುಗಳು ಈಗ ನಮ್ಮ ಕಡೆಯ ಅಂಗಡಿಗಳಿಗೂ ಹೊಸತಲ್ಲ. ಆ ಆ್ಯಪಿಗೆ ಬಾಯಿಮಾತಿನಲ್ಲೇ ಕೆಲಸ ಹೇಳುವ ಸೌಕರ್ಯ ಸೇರಿಸುವುದು ಹೇಗೆ ಎಂಬುದು ಇಲ್ಲಿಯ ವಿಷಯ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆ ಡಿಪ್ಲೊಮಾ, ಬಿಸಿಎ ಓದುತ್ತ ಸಣ್ಣ ಆ್ಯಪ್ ಕಟ್ಟುವಷ್ಟು ಕಲಿತಿರುವ, ಆದರೆ ಧ್ವನಿಯ ಕೆಲಸಕ್ಕೆ ಇನ್ನೂ ಕೈ ಹಾಕದ ಹುಡುಗ ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡಂತೆ ಬರೆಯುತ್ತಿದ್ದೇನೆ.

ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಮಾಲೀಕರು ಒಂದು ಮಾತು ಹೇಳಿದಾಗ ಅವನ ತಲೆಯಲ್ಲಿ ಮೂರು ಕೆಲಸ ನಡೆಯುತ್ತವೆ. ಹೇಳಿದ ಶಬ್ದ ಕಿವಿಗೆ ಸರಿಯಾಗಿ ಬೀಳಬೇಕು. ಅವರು ಏನು ಮಾಡಲು ಹೇಳಿದರು, ಯಾರ ವಿಷಯ, ಎಷ್ಟು ಎಂಬುದು ತಿಳಿಯಬೇಕು. ಆಮೇಲೆ ಅದನ್ನು ಮಾಡಬೇಕು. ಆ್ಯಪಿನಲ್ಲೂ ಇದೇ ಮೂರು ಹಂತ. ಮೊದಲನೆಯದು ಧ್ವನಿಯನ್ನು ಬರಹ ಮಾಡುವುದು. ಎರಡನೆಯದು ಬರಹದಿಂದ ಕೆಲಸ ಮತ್ತು ವಿವರಗಳನ್ನು ಹೆಕ್ಕುವುದು. ಮೂರನೆಯದು ಆ್ಯಪಿನಲ್ಲಿ ಈಗಾಗಲೇ ಇರುವ ಫಂಕ್ಷನ್ನನ್ನು ಕರೆಯುವುದು. ಹೊಸಬರು ಹೆದರುವುದು ಮೊದಲನೆಯದಕ್ಕೆ. ನಿಜವಾಗಿ ಬೆವರಿಳಿಸುವುದು ಎರಡನೆಯದು. ಮೂರನೆಯದನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಿ.

ಮೊದಲ ಹಂತಕ್ಕೆ ಹೆದರಬೇಕಿಲ್ಲ ಎಂದೆ. ಏಕೆಂದರೆ ಕನ್ನಡ ಕೇಳಿ ಬರೆಯುವ ಯಂತ್ರವನ್ನು ನೀವು ಕಟ್ಟಬೇಕಾಗಿಲ್ಲ. ಗೂಗಲ್ ತನ್ನ ಧ್ವನಿ ಟೈಪಿಂಗಿಗೆ 2017ರಲ್ಲೇ ಕನ್ನಡವನ್ನು ಸೇರಿಸಿತು. ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಯೋಜನೆಯಾದ ಭಾಷಿಣಿ 2022ರ ಜುಲೈಯಲ್ಲಿ ಶುರುವಾಯಿತು. ಮದ್ರಾಸ್ ಐಐಟಿಯ ಎಐಫಾರ್‌ಭಾರತ್ ತಂಡ ಭಾರತೀಯ ಭಾಷೆಗಳ ಧ್ವನಿ ಮಾದರಿಗಳನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಗೂಗಲ್ ನೆರವಿನಿಂದ ನಡೆಸುತ್ತಿರುವ ವಾಣಿ ಯೋಜನೆಯ ದಾರಿ ನನಗೆ ಹೆಚ್ಚು ಹಿಡಿಸಿದೆ. ಪುಸ್ತಕದ ಸಾಲು ಓದಿಸುವ ಬದಲು, ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಅದನ್ನು ಕುರಿತು ಅವರಿಗೆ ತೋಚಿದ ಹಾಗೆ ಮಾತಾಡಿಸಿ ಧ್ವನಿ ಕೂಡಿಸುತ್ತಾರೆ. ಓದುವಾಗ ಎಲ್ಲರೂ ಪಠ್ಯಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ, ಮಾತಾಡುವಾಗ ತಮ್ಮ ಊರಿನ ಕನ್ನಡಕ್ಕೆ. ನಮ್ಮ ಆ್ಯಪಿಗೆ ಬೇಕಾದದ್ದು ಎರಡನೆಯದು.

ಇದಕ್ಕಿಂತ ಹಿಂದಿನ ಪ್ರಯತ್ನವೊಂದು ನಮ್ಮ ಕೆಲಸಕ್ಕೆ ಇನ್ನೂ ಹತ್ತಿರವಾದದ್ದು. ತುಮಕೂರಿನ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯವರು ರೈತರು ಫೋನ್ ಮಾಡಿ ಕನ್ನಡದಲ್ಲೇ ಜಿನಸಿನ ಧಾರಣೆ, ಹವಾಮಾನ ಕೇಳುವ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿ, 2017ರ ಸುಮಾರಿಗೆ ಅದರ ವಿವರ ಪ್ರಕಟಿಸಿದರು. ಆ ಯಂತ್ರಕ್ಕೆ ಇಡೀ ಕನ್ನಡ ತಿಳಿಯಬೇಕಾಗಿರಲಿಲ್ಲ. ಊರು, ಮಾರುಕಟ್ಟೆ, ಜಿನಸಿನ ಹೆಸರು ತಿಳಿದರೆ ಕೆಲಸ ನಡೆಯುತ್ತಿತ್ತು. ನೀವೂ ಹಾಗೆಯೇ ಬೇಲಿ ಹಾಕಿಕೊಳ್ಳಿ. ಏನು ಹೇಳಿದರೂ ತಿಳಿಯುವ ಆ್ಯಪ್ ಮಾಡುತ್ತೇನೆ ಎಂದು ಹೊರಟರೆ ವರ್ಷ ಕಳೆದರೂ ಮುಗಿಯದು. ನಾಲ್ಕೋ ಐದೋ ಆಜ್ಞೆ ಸಾಕು.

ಯಾವ ನಾಲ್ಕು ಎಂಬುದನ್ನು ಕಂಪ್ಯೂಟರ್ ಮುಂದೆ ಕೂತು ತೀರ್ಮಾನಿಸಬೇಡಿ. ಅಂಗಡಿಗೆ ಹೋಗಿ, ಗಲ್ಲೆಯ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂಡಿ. ಮಾಲೀಕರು ಮಗನಿಗೆ, ಆಳಿಗೆ, ಫೋನಿನಲ್ಲಿ ಗಿರಾಕಿಗೆ ಏನು ಹೇಳುತ್ತಾರೋ ಅದನ್ನು ಹೇಳಿದ ಹಾಗೇ, ತಿದ್ದದೆ ಬರೆದುಕೊಳ್ಳಿ. ಹುನಗುಂದದ ಗೊಬ್ಬರದ ಅಂಗಡಿಯಲ್ಲಿ "ಡಿಎಪಿ ಎರಡ ಚೀಲ, ಸುಗ್ಗಿಗೆ ಕೊಡ್ತಾನ, ಬರಕೋ" ಎಂಬ ಮಾತು ಸಿಗುತ್ತದೆ. ಬಾದಾಮಿಯಲ್ಲಿ ಪ್ರವಾಸಿಗರಿಗೆ ಗಾಡಿ ಕೊಡುವವರು "ನಾಳೆ ಐಹೊಳಿ, ಪಟ್ಟದಕಲ್ಲ, ಆರು ಮಂದಿ" ಎನ್ನುತ್ತಾರೆ. ಬಾಗಲಕೋಟೆಯ ನವನಗರದಲ್ಲಿ ನೀರಿನ ಫಿಲ್ಟರ್ ರಿಪೇರಿ ಮಾಡುವ ಹುಡುಗನಿಗೆ ಬೇಕಾದದ್ದು ಸೆಕ್ಟರ್ ನಂಬರು ಮತ್ತು ಹಿಂದಿನ ಸರ್ವಿಸ್ ತಾರೀಖು. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಉದ್ರಿ, ಜಮಾ, ಬಾಕಿ, ತಗಾದೆ. ಒಂದೇ ಆ್ಯಪನ್ನು ನಾಲ್ಕೂ ಕಡೆ ಮಾರುವ ಆಸೆ ಇದ್ದರೆ ತಪ್ಪಿಲ್ಲ, ಆದರೆ ಆಜ್ಞೆಗಳ ಪಟ್ಟಿ ಮಾತ್ರ ನಾಲ್ಕು ಆಗಬೇಕು. ಇಲ್ಲಿ ನಾನು ಸೀರೆ ಅಂಗಡಿಯನ್ನೇ ಹಿಡಿದು ಮುಂದುವರಿಯುತ್ತೇನೆ.

ಹೀಗೆ ಬರೆದುಕೊಂಡ ಹಾಳೆ ನೋಡಿದರೆ ಒಂದೇ ಕೆಲಸವನ್ನು ಜನ ಎಷ್ಟು ಬಗೆಯಲ್ಲಿ ಹೇಳುತ್ತಾರೆ ಎಂಬುದು ಗೊತ್ತಾಗುತ್ತದೆ. ಬಾಕಿ ಎಷ್ಟು ಎಂದು ಕೇಳಲು "ಸಂಗಪ್ಪಂದೆಷ್ಟೈತಿ", "ಸಂಗಪ್ಪನ ಬಾಕಿ ನೋಡು", "ಸಂಗಪ್ಪನ ಕಡಿಂದ ಬರೋದೆಷ್ಟು", "ಸಂಗಪ್ಪನ ಖಾತೆ ತಗಿ", "ಸಂಗಪ್ಪನ ಬ್ಯಾಲೆನ್ಸ್ ಏನೈತ್ರಿ". ಐದಕ್ಕೂ ಆ್ಯಪ್ ಮಾಡಬೇಕಾದ ಕೆಲಸ ಒಂದೇ. ತಂತ್ರಾಂಶದವರು ಆ ಕೆಲಸವನ್ನು ಇಂಟೆಂಟ್ ಎನ್ನುತ್ತಾರೆ, ಅದಕ್ಕೆ ಬೇಕಾದ ಹೆಸರು, ಮೊತ್ತ, ದಿನಗಳನ್ನು ಸ್ಲಾಟ್ ಎನ್ನುತ್ತಾರೆ. "ಕಂದಗಲ್ಲ ಸಂಗಪ್ಪಂದು ದೀಡ ಸಾವಿರ ಜಮಾ ಮಾಡು" ಎಂಬ ಮಾತು ಎರಡನೆಯ ಹಂತ ದಾಟಿದ ಮೇಲೆ ಹೀಗಾಗಬೇಕು: ಕೆಲಸ, ಜಮಾ. ಗಿರಾಕಿ, ಸಂಗಪ್ಪ. ಊರು, ಕಂದಗಲ್ಲ. ಮೊತ್ತ, 1500. ಇಷ್ಟನ್ನು ನೀವು ಮಾಡಿಕೊಟ್ಟರೆ ಉಳಿದದ್ದನ್ನು ಆ್ಯಪ್ ನೋಡಿಕೊಳ್ಳುತ್ತದೆ.

ಈಗ ಒಂದೊಂದೇ ಸ್ಲಾಟ್ ಬಿಡಿಸೋಣ. ಹೆಸರಿನಿಂದ ಶುರು ಮಾಡಿ, ಏಕೆಂದರೆ ಪೇಚಾಟ ಅಲ್ಲೇ ಹೆಚ್ಚು. ಕೂಡಲಸಂಗಮ ಪಕ್ಕದಲ್ಲೇ ಇದೆ, ಆದ್ದರಿಂದ ಸಂಗಪ್ಪ, ಸಂಗಮೇಶ, ಸಂಗನಗೌಡ, ಸಂಗವ್ವ. ಇಳಕಲ್ಲಿನ ಮಹಾಂತ ಮಠದ ಪ್ರಭಾವದಿಂದ ಮಹಾಂತೇಶ, ಮಹಾಂತಪ್ಪ, ಮಹಾಂತಮ್ಮ. ಬಾದಾಮಿ ಕಡೆ ಹೋದರೆ ಬನಶಂಕರಿಯ ಹೆಸರಿನವರು. ಒಂದು ಅಂಗಡಿಯ ಖಾತೆಯಲ್ಲಿ ಏಳೆಂಟು ಸಂಗಪ್ಪಂದಿರು ಸಿಕ್ಕರೆ ಅಚ್ಚರಿಯಿಲ್ಲ. ಆದರೂ ಮಾಲೀಕರಿಗೆ ಗೊಂದಲವಾಗುವುದಿಲ್ಲ. ಅವರು ಹೆಸರಿಗೆ ಊರು ಹಚ್ಚುತ್ತಾರೆ: ಕಂದಗಲ್ಲ ಸಂಗಪ್ಪ, ಗುಡೂರ ಸಂಗಪ್ಪ, ಕರಡಿ ಸಂಗಪ್ಪ. ಅಥವಾ ಕಸುಬು ಹಚ್ಚುತ್ತಾರೆ. ಬೇರೆ ಕಡೆಯಲ್ಲಿ ತಯಾರಾದ ಆ್ಯಪುಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಇರುತ್ತವೆ. ನಮ್ಮಲ್ಲಿ ಅದು ನಡೆಯದು. ಊರು ಎಂಬ ಖಾನೆ ಬೇಕು, "ಕರೆಯುವ ಹೆಸರು" ಎಂಬ ಇನ್ನೊಂದು ಖಾನೆಯೂ ಬೇಕು. ಧ್ವನಿಯ ಕೆಲಸ ಶುರುವಾಗುವ ಮೊದಲೇ ಡೇಟಾಬೇಸ್ ತಿದ್ದಬೇಕಾಗಿ ಬರುವುದು ಹೀಗೆ.

ಹೆಸರು ಹುಡುಕುವಾಗ ಯಂತ್ರ ಬರೆದದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಆಂಡ್ರಾಯ್ಡಿನ ಸ್ಪೀಚ್ ರೆಕಗ್ನೈಜರ್ ಒಂದೇ ಉತ್ತರದ ಬದಲು ಹಲವು ಊಹೆಗಳನ್ನು ಪಟ್ಟಿಯಾಗಿ ಕೊಡಬಲ್ಲದು. ಆ ಎಲ್ಲ ಊಹೆಗಳನ್ನೂ ನಿಮ್ಮ ಗಿರಾಕಿ ಪಟ್ಟಿಯ ಜೊತೆ ತಾಳೆ ನೋಡಿ. ಮೊದಲ ಊಹೆ "ಕಂದಗಾಲ" ಎಂದು ಬಂದಿದ್ದು ಮೂರನೆಯದು "ಕಂದಗಲ್ಲ" ಎಂದಿದ್ದರೆ ಮೂರನೆಯದೇ ಸರಿ, ಏಕೆಂದರೆ ಪಟ್ಟಿಯಲ್ಲಿ ಇರುವುದು ಅದು. ಆಂಡ್ರಾಯ್ಡ್ 13ರಿಂದ ಈಚೆಗೆ "ಈ ಪದಗಳು ಬರಬಹುದು, ಕಿವಿಗೊಟ್ಟಿರು" ಎಂದು ಯಂತ್ರಕ್ಕೆ ಮುಂಚಿತವಾಗಿ ಹೇಳುವ ದಾರಿಯೂ ಇದೆ. ಎಲ್ಲ ಯಂತ್ರಗಳೂ ಅದನ್ನು ಪಾಲಿಸುತ್ತವೆಂದಲ್ಲ. ಹಳ್ಳಿಗಳ ಹೆಸರು, ಗಿರಾಕಿಗಳ ಹೆಸರು, ಚಿಕ್ಕಿ ಪರಾಸ, ಗೋಮಿಯಂಥ ದಡಿಯ ಹೆಸರುಗಳನ್ನು ಅಲ್ಲಿ ಹಾಕಿ ನೋಡಿ. ಹೇಳದೆ ಬಿಟ್ಟರೆ ಯಂತ್ರ "ಪರಾಸ"ವನ್ನು ಪ್ಯಾರಿಸ್ ಮಾಡಿದರೂ ಮಾಡೀತು.

ಇನ್ನು ಹೆಸರಿಗೆ ಅಂಟಿದ ಪ್ರತ್ಯಯ. ಇಂಗ್ಲಿಷಿನಲ್ಲಿ ಹೆಸರು ಒಂಟಿಯಾಗಿ ನಿಂತಿರುತ್ತದೆ, ಕನ್ನಡದಲ್ಲಿ ಬಾಲ ಹಚ್ಚಿಕೊಂಡೇ ಬರುತ್ತದೆ. ಸಂಗಪ್ಪನ, ಸಂಗಪ್ಪನಿಗೆ, ಸಂಗಪ್ಪಗ, ಸಂಗಪ್ಪಂದು. ಮಾತಿನ ಓಟದಲ್ಲಿ ಮುಂದಿನ ಪದವೂ ಕೂಡಿಕೊಂಡು "ಸಂಗಪ್ಪಂದೆಷ್ಟೈತಿ" ಎಂದು ಒಂದೇ ಪದವಾಗುತ್ತದೆ. ಪಟ್ಟಿಯಲ್ಲಿ "ಸಂಗಪ್ಪಂದೆಷ್ಟೈತಿ" ಎಂಬ ಗಿರಾಕಿ ಇಲ್ಲ ಎಂದು ಆ್ಯಪ್ ಹೇಳಿದರೆ ಮಾಲೀಕರು ಅದನ್ನು ಮತ್ತೆ ಮುಟ್ಟುವುದಿಲ್ಲ. ಆದ್ದರಿಂದ ಪದದ ತುದಿಯಿಂದ ಬಿಡಿಸುತ್ತ ಬನ್ನಿ. ಐತಿ, ಎಷ್ಟೈತಿ, ಅಂದು, ಗ, ನಿಗೆ, ನ ಇವನ್ನು ಒಂದೊಂದಾಗಿ ಕಳಚಿ, ಉಳಿದದ್ದು ಪಟ್ಟಿಯಲ್ಲಿದೆಯೇ ಎಂದು ನೋಡಿ. ಇಪ್ಪತ್ತು ಮೂವತ್ತು ನಿಯಮಗಳಲ್ಲಿ ಬಹುಪಾಲು ಕೆಲಸ ಆಗುತ್ತದೆ.

ಆದರೆ ಕಳಚಿದ ಬಾಲವನ್ನು ಎಸೆಯಬೇಡಿ. ಈ ಎರಡು ಮಾತನ್ನು ಗಟ್ಟಿಯಾಗಿ ಹೇಳಿ ನೋಡಿ: "ಸಂಗಪ್ಪ ಐನೂರು ಕೊಟ್ಟ." "ಸಂಗಪ್ಪಗ ಐನೂರು ಕೊಟ್ಟೆ." ಮೊದಲನೆಯದರಲ್ಲಿ ದುಡ್ಡು ಅಂಗಡಿಗೆ ಬಂತು, ಎರಡನೆಯದರಲ್ಲಿ ಅಂಗಡಿಯಿಂದ ಹೋಯಿತು. ನಡುವೆ ಇರುವ ವ್ಯತ್ಯಾಸ ಒಂದು "ಗ", ಕೊನೆಯಲ್ಲಿ ಒಂದು "ಎ". ಎರಡೂ ಹ್ರಸ್ವ, ಎರಡನ್ನೂ ನಾವು ಒತ್ತಿ ಹೇಳುವುದಿಲ್ಲ. ಹೊರಗೆ ಟಂಟಂ ಗಾಡಿ ಹಾರ್ನ್ ಹೊಡೆದರೆ, ಪಕ್ಕದ ಮನೆಯ ಪವರ್‌ಲೂಮ್ ಖಟಖಟ ಶುರುವಾದರೆ ಮೊದಲು ಕಳೆದುಹೋಗುವ ಶಬ್ದಗಳೇ ಅವು. ಆಗ ಸಂಗಪ್ಪನ ಬಾಕಿ ಐನೂರು ಏರುವ ಬದಲು ಐನೂರು ಕಡಿಮೆಯಾಗುತ್ತದೆ, ಅಂದರೆ ಸಾವಿರ ರೂಪಾಯಿಯ ತಪ್ಪು. ಮುಂದಿನ ಸಲ ಸಂಗಪ್ಪ ಬಂದಾಗ ಅಂಗಡಿಯಲ್ಲಿ ಜಗಳ.

ಇದಕ್ಕೆ ಎರಡು ಉಪಾಯ ಹೇಳುತ್ತೇನೆ. ಒಂದು, ಹಣದ ದಿಕ್ಕನ್ನು ಬಾಲದ ಮೇಲೆ ಬಿಡದೆ ಗಟ್ಟಿ ಪದದ ಮೇಲೆ ನಿಲ್ಲಿಸುವುದು. "ಜಮಾ" ಮತ್ತು "ಉದ್ರಿ" ಒಂದಕ್ಕೊಂದು ಧ್ವನಿಯಲ್ಲಿ ದೂರ, ಯಾವ ಗದ್ದಲದಲ್ಲೂ ಒಂದು ಇನ್ನೊಂದಾಗಿ ಕೇಳಿಸುವುದಿಲ್ಲ. ಅಂಗಡಿಯವರ ಬಾಯಲ್ಲಿ ಹೇಗೂ ಇರುವ ಪದಗಳು, ಕಲಿಸುವ ಕಷ್ಟವಿಲ್ಲ. "ಕೊಟ್ಟ" ಎಂದಷ್ಟೇ ಕೇಳಿಸಿ ಜಮಾ, ಉದ್ರಿ ಎರಡೂ ಕೇಳಿಸದಿದ್ದರೆ ಆ್ಯಪ್ ಬರೆದುಕೊಳ್ಳಬಾರದು, "ಜಮಾನೋ ಉದ್ರಿನೋ?" ಎಂದು ಕೇಳಬೇಕು. ಎರಡು, ಬರೆಯುವ ಮೊದಲು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸುವುದು: ಸಂಗಪ್ಪ, ಕಂದಗಲ್ಲ, ಜಮಾ 500, ಉಳಿದ ಬಾಕಿ 2,300. ಕೊನೆಯ ಸಂಖ್ಯೆಯನ್ನು ಬಿಡಬೇಡಿ. ಮಾಲೀಕರಿಗೆ ಗಿರಾಕಿಯ ಬಾಕಿ ಅಂದಾಜಾಗಿ ನೆನಪಿರುತ್ತದೆ, ದಿಕ್ಕು ತಪ್ಪಿದರೆ ಆ ಸಂಖ್ಯೆ ನೋಡಿಯೇ ಹುಬ್ಬೇರಿಸುತ್ತಾರೆ.

ಮೊತ್ತದ ವಿಷಯಕ್ಕೆ ಬರೋಣ. 1500 ಎಂಬುದನ್ನು ನಮ್ಮ ಕಡೆ ಸಾವಿರದ ಐನೂರು ಎನ್ನುವವರಿದ್ದಾರೆ, ಒಂದೂವರಿ ಸಾವಿರ ಎನ್ನುವವರಿದ್ದಾರೆ, ಹದಿನೈದು ನೂರು ಎನ್ನುವವರಿದ್ದಾರೆ, ಹಿರಿಯರು ದೀಡ ಸಾವಿರ ಎನ್ನುತ್ತಾರೆ. ಸವ್ವಾ ನೂರು ಅಂದರೆ 125. ಕಾಲು, ಅರ್ಧ, ಮುಕ್ಕಾಲುಗಳು ಸಾವಿರಕ್ಕೂ ಲಕ್ಷಕ್ಕೂ ಹತ್ತುತ್ತವೆ. ಯಂತ್ರ ಇವನ್ನು ಒಮ್ಮೆ ಅಕ್ಷರದಲ್ಲಿ, ಒಮ್ಮೆ ಅಂಕಿಯಲ್ಲಿ, ಒಮ್ಮೆ "5 ನೂರು" ಎಂದು ಬೆರೆಸಿ ಕೊಡುತ್ತದೆ. "ಎರಡು ಸಾವಿರ ಇನ್ನೂರು" ಎಂದದ್ದು "2000 200" ಎಂದು ಎರಡು ಸಂಖ್ಯೆಯಾಗಿ ಬರಬಹುದು. ಇವನ್ನೆಲ್ಲ ಒಂದು ಸಂಖ್ಯೆಗೆ ಇಳಿಸುವ ಸಣ್ಣ ಫಂಕ್ಷನ್ ಬೇರೆಯಾಗಿ ಬರೆದು, ಅದಕ್ಕೊಂದು ಪರೀಕ್ಷೆಯ ಪಟ್ಟಿ ಇಟ್ಟುಕೊಳ್ಳಿ. ಬೇಸರದ ಕೆಲಸ. ಆದರೂ ತರಗತಿಯಲ್ಲಿ ನಾನು ಮೊದಲು ಬರೆಸುವುದು ಇದನ್ನೇ, ಏಕೆಂದರೆ ಇದಕ್ಕೆ ಮೈಕೂ ಬೇಡ, ಇಂಟರ್ನೆಟ್ಟೂ ಬೇಡ.

ದಿನದ ಸ್ಲಾಟ್ ಇನ್ನೂ ಸೊಗಸು. ಗಿರಾಕಿ ಹಣ ಕೊಡುವ ದಿನವನ್ನು ತಾರೀಖಿನಲ್ಲಿ ಹೇಳುವುದು ಅಪರೂಪ. ನಾಡದ, ಬರೋ ಸೋಮವಾರ, ಸಂತಿ ದಿನ ಎಂಬವು ಸುಲಭ. "ಎಳ್ಳಮವಾಸಿ ಆದಮ್ಯಾಲೆ", "ಕಾರ ಹುಣ್ಣಿವಿಗೆ", "ಬನದ ಹುಣ್ಣಿವಿ ಜಾತ್ರಿ ಮುಗಿದ ಕೂಡಲೆ" ಎಂದರೆ ಏನು ಮಾಡುವುದು? ಫೋನಿನ ಕ್ಯಾಲೆಂಡರಿಗೆ ಇವು ತಿಳಿಯವು. ಅಧಿಕ ಮಾಸ ಬಂದ ವರ್ಷ ದಿನಗಳು ಮತ್ತಷ್ಟು ಸರಿಯುತ್ತವೆ. ಹಾಗಾಗಿ ಪಂಚಾಂಗ ನೋಡಿ ವರ್ಷಕ್ಕೊಮ್ಮೆ ಹಬ್ಬ, ಹುಣ್ಣಿಮೆ, ಅಮಾವಾಸ್ಯೆ, ಸುತ್ತಲಿನ ಜಾತ್ರೆಗಳ ಒಂದು ಕೋಷ್ಟಕ ಮಾಡಿ ಆ್ಯಪಿನೊಳಗೆ ಇಡಿ. ಮಾಡಲು ಒಂದು ಸಂಜೆ ಸಾಕು. "ಕಾರ ಹುಣ್ಣಿವಿಗೆ ನೆನಪು ಮಾಡು" ಎಂದಾಗ ಆ್ಯಪ್ ಸರಿಯಾದ ತಾರೀಖು ತೋರಿಸಿದರೆ ಅಂಗಡಿಯವರ ಮುಖ ಅರಳುವುದನ್ನು ನೋಡಬೇಕು. ಉಳಿದ ಯಾವ ಜಾಣತನಕ್ಕೂ ಅಷ್ಟು ಮೆಚ್ಚುಗೆ ಸಿಗುವುದಿಲ್ಲ.

ಆ್ಯಪ್ ಉತ್ತರವನ್ನು ಬಾಯಲ್ಲೇ ಹೇಳಬೇಕೇ? ಹೊಸಬರೆಲ್ಲ ಹೌದು ಎನ್ನುತ್ತಾರೆ. ಪೇಮೆಂಟ್ ಪೆಟ್ಟಿಗೆ "ಐನೂರು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೂಗುವುದನ್ನು ಕೇಳಿ ಕೇಳಿ ಹಾಗನ್ನಿಸುವುದು ಸಹಜ. ಅದು ಬಂದ ಹಣ, ಕೂಗಿದರೆ ಯಾರಿಗೂ ನೋವಿಲ್ಲ. ಬಾಕಿ ಹಾಗಲ್ಲ. ಅಂಗಡಿಯಲ್ಲಿ ಬೀಗರು, ಓಣಿಯವರು ಕೂತಿರುವಾಗ "ಸಂಗಪ್ಪನ ಬಾಕಿ ಹನ್ನೆರಡು ಸಾವಿರ" ಎಂದು ಫೋನು ಸಾರಿದರೆ ಸಂಗಪ್ಪನ ಮರ್ಯಾದೆ ಹೋಯಿತು, ಅಂಗಡಿಗೆ ಗಿರಾಕಿ ಹೋದ. ಬಾಕಿಯ ಮೊತ್ತ ಪರದೆಯ ಮೇಲಷ್ಟೇ ಇರಲಿ. ಬಾಯಲ್ಲಿ "ನೋಡ್ರಿ" ಅಂದರೆ ಸಾಕು.

ಮಾತು ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಎರಡು ದಾರಿ. ಆ್ಯಪಿನೊಳಗೇ ಒಂದು ಮೈಕ್ ಗುಂಡಿ ಇಡುವುದು ಒಂದು. ಫೋನಿನ ಧ್ವನಿ ಸಹಾಯಕವೇ ನಿಮ್ಮ ಆ್ಯಪನ್ನು ಕರೆಯುವಂತೆ ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಫೋನ್ ಮುಟ್ಟುವ ಅಗತ್ಯವೂ ಬೀಳುವುದಿಲ್ಲ, ನೋಡಲು ಚೆಂದ. ಆಂಡ್ರಾಯ್ಡಿನಲ್ಲಿ ಆ್ಯಪ್ ಆ್ಯಕ್ಷನ್ಸ್ ಎಂಬ ಏರ್ಪಾಡಿನಲ್ಲಿ ಶಾರ್ಟ್‌ಕಟ್ಸ್ ಫೈಲಿನೊಳಗೆ ನಿಮ್ಮ ಆ್ಯಪ್ ಏನೇನು ಮಾಡಬಲ್ಲದು ಎಂದು ಬರೆದಿಡುತ್ತೀರಿ. ಐಫೋನಿನಲ್ಲಿ 2022ರಲ್ಲಿ ಬಂದ ಆ್ಯಪ್ ಇಂಟೆಂಟ್ಸ್ ಇದೆ. ಅಲ್ಲಿ ಹೇಳುವ ವಾಕ್ಯದಲ್ಲಿ ಆ್ಯಪಿನ ಹೆಸರು ಬರಲೇಬೇಕು, ಆದ್ದರಿಂದ ಹೆಸರಿಡುವಾಗಲೇ ಅಜ್ಜಿಯ ಬಾಯಲ್ಲೂ ತಿರುಗುವ ಹೆಸರು ಇಡಿ. 2024ರ ಐಒಎಸ್ 18ರಿಂದ ಸಿರಿ ಭಾರತೀಯ ಇಂಗ್ಲಿಷಿನೊಡನೆ ಕನ್ನಡ ಬೆರೆಸಿದ ಮಾತನ್ನು ಕೇಳಿಸಿಕೊಳ್ಳುತ್ತದೆ. ಅದೇ ವರ್ಷ ಗೂಗಲಿನ ಜೆಮಿನಿ ಲೈವ್ ಕನ್ನಡಕ್ಕೂ ಬಂತು.

ಆದರೂ ಹೊಸಬರಿಗೆ ನನ್ನ ಸಲಹೆ ಮೈಕ್ ಗುಂಡಿಯೇ. ದೊಡ್ಡ ಕಂಪನಿಗಳ ಸಹಾಯಕಗಳು ವರ್ಷಕ್ಕೊಮ್ಮೆ ಮನೆ ಬದಲಿಸುತ್ತವೆ. ಗೂಗಲ್ ಅಸಿಸ್ಟೆಂಟಿನೊಳಗೆ ಹೊರಗಿನವರು ಸಂಭಾಷಣೆ ಕಟ್ಟುವ ಸೌಲಭ್ಯವನ್ನು ಗೂಗಲ್ 2023ರ ಜೂನ್ 13ರಂದು ಮುಚ್ಚಿತು. ಫೋನುಗಳಲ್ಲಿ ಅಸಿಸ್ಟೆಂಟಿನ ಜಾಗಕ್ಕೆ ಜೆಮಿನಿ ಬರಲಿದೆ ಎಂದು 2025ರಲ್ಲಿ ಸಾರಿತು. ನಿಮ್ಮ ಎರಡನೆಯ ಹಂತವನ್ನು, ಅಂದರೆ ಹೆಸರು, ಮೊತ್ತ, ದಿನ ಬಿಡಿಸುವ ಭಾಗವನ್ನು, ಯಾವ ಸಹಾಯಕಕ್ಕೂ ಕಟ್ಟಿಹಾಕದೆ ಬೇರೆಯಾಗಿ ಇಟ್ಟುಕೊಂಡರೆ ಬಾಗಿಲು ಯಾವುದಾದರೇನು, ಒಳಗಿನ ಕೆಲಸ ಕೆಡುವುದಿಲ್ಲ.

ನೆಟ್‌ವರ್ಕಿನ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಫೋನಿನೊಳಗೇ ಧ್ವನಿ ಗುರುತಿಸುವ ಏರ್ಪಾಡು ಆಂಡ್ರಾಯ್ಡ್ 12ರಿಂದ ಇದೆ, ಆದರೆ ಆ ಫೋನಿನಲ್ಲಿ ಕನ್ನಡ ಇಳಿದಿರಬೇಕು. ಇದೆಯೇ ಎಂದು 13ರಿಂದ ಆ್ಯಪೇ ವಿಚಾರಿಸಬಹುದು. ಇಲ್ಲದಿದ್ದರೆ ಧ್ವನಿ ಹೊರಗಿನ ಸರ್ವರಿಗೆ ಹೋಗುತ್ತದೆ, ಹೋಗುತ್ತದೆಂದು ಮಾಲೀಕರಿಗೆ ಕನ್ನಡದಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ಆ್ಯಪಿಗೆ ತಿಳಿಯದ ಮಾತುಗಳನ್ನು ಕಲಿಕೆಗಾಗಿ ಉಳಿಸಿಕೊಳ್ಳುವುದಿದ್ದರೆ ಅದಕ್ಕೂ ಪ್ರತ್ಯೇಕವಾಗಿ ಕೇಳಿ. ಗಿರಾಕಿಯ ಹೆಸರು, ಬಾಕಿ ಇರುವ ಮಾತು ಅದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಣ್ಣಿಗೂ ಅದು ವೈಯಕ್ತಿಕ ಮಾಹಿತಿಯೇ.

ಪರೀಕ್ಷೆಯನ್ನು ಕಾಲೇಜಿನ ಲ್ಯಾಬಿನಲ್ಲಿ ಮಾಡಿ ಮುಗಿಸಬೇಡಿ. ಮಗ್ಗದ ಓಣಿಯಲ್ಲಿ, ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ, ಎಲೆಅಡಿಕೆ ಬಾಯಲ್ಲಿರುವ ಹಿರಿಯರ ಮಾತಿನಲ್ಲಿ, ಲೆಕ್ಕ ನೋಡುವ ಹೆಣ್ಣುಮಕ್ಕಳ ಧ್ವನಿಯಲ್ಲಿ ಮಾಡಿ. ತಪ್ಪು ಎಷ್ಟಾಯಿತು ಎಂದಷ್ಟೇ ಎಣಿಸದೆ ಹೆಸರು ತಪ್ಪಿತೋ, ಮೊತ್ತ ತಪ್ಪಿತೋ, ದಿಕ್ಕು ತಪ್ಪಿತೋ ಎಂದು ಬೇರೆ ಬೇರೆ ಬರೆದಿಡಿ. ಹೆಸರು ಹತ್ತು ಸಲ ತಪ್ಪಿದರೆ ಮಾಲೀಕರು ಬೈದು ಮತ್ತೆ ಹೇಳುತ್ತಾರೆ. ದಿಕ್ಕು ಒಮ್ಮೆ ತಪ್ಪಿದರೆ ಫೋನು ಗಲ್ಲೆಯೊಳಗೆ ಸೇರಿ ಹಳೆಯ ವಹಿ ಹೊರಗೆ ಬರುತ್ತದೆ.

ಹಾಗಾಗಿ ನಾಲ್ಕು ಆಜ್ಞೆಗಳ ಪಟ್ಟಿಯಲ್ಲಿ ಒಂದು "ತಪ್ಪಾತು, ತಗಿ" ಎಂಬುದಾಗಿರಲಿ. ಅದನ್ನು ಉಳಿದವಕ್ಕಿಂತ ಮೊದಲು ಮಾಡಿ ಮುಗಿಸಿ. "ಬ್ಯಾಡ", "ತಗಿ", "ಹೊಡದು ಹಾಕು" ಎಂದು ಹೇಗೆ ಹೇಳಿದರೂ ಅದು ತಿಳಿಯಬೇಕು. ತಗಿ ಎಂದ ಮಾತ್ರಕ್ಕೆ ದಾಖಲೆಯನ್ನು ಡೇಟಾಬೇಸಿನಿಂದ ಅಳಿಸಬೇಡಿ. ಕಿರ್ದಿಯಲ್ಲಿ ತಪ್ಪು ಬರೆದರೆ ಗುಮಾಸ್ತರು ಹಾಳೆ ಹರಿಯುವುದಿಲ್ಲ, ಓದಲು ಬರುವಂತೆಯೇ ಒಂದು ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯುತ್ತಾರೆ. ಆ್ಯಪಿನಲ್ಲೂ ಹಳೆಯ ಸಾಲು ಗೆರೆ ಹೊಡೆಸಿಕೊಂಡು ಅಲ್ಲೇ ಇರಲಿ. ಯಾವ ಹೊತ್ತಿಗೆ, ಯಾವ ಮಾತಿನಿಂದ ಅದು ಹುಟ್ಟಿತು ಎಂಬುದೂ ಪಕ್ಕದಲ್ಲಿರಲಿ.